ಹಜ್ಜಿನ ಸೂಜಿ ಯಾರ ಭಿಕ್ಷೆಯೂ ಅಲ್ಲ

ಹಜ್ಜಿಗೆ ಹೋಗುವವರಿಗೆ ಸರ್ಕಾರ ಯಾಕೆ ಪುಕ್ಕಟೆ ಸೂಜಿ ಚುಚ್ಚಬೇಕು? ಈ ಪ್ರಶ್ನೆಯನ್ನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಬ್ರಹ್ಮಾವರದ ಹೋಟೆಲಿನಲ್ಲಿ ಚಾ ಕುಡಿಯುತ್ತ ಕೇಳುತ್ತಾರೆ. ಈಗಂತೂ ಬೆಳಗಾದರೆ ಮೊಬೈಲಿನಲ್ಲಿ ಕೇಳುತ್ತಾರೆ. ಕೇಳುವವರು ಅಕ್ಷರ ಬಾರದವರಲ್ಲ. ಓದಿದವರು, ಸಂಬಳ ತೆಗೆದುಕೊಳ್ಳುವವರು, ತಮ್ಮ ಮಕ್ಕಳಿಗೆ ಸರ್ಕಾರಿ ಖರ್ಚಿನಲ್ಲೇ ಪೋಲಿಯೋ ಹನಿ ಕುಡಿಸಿ ದೊಡ್ಡವರನ್ನಾಗಿ ಮಾಡಿದವರು. ಅವರ ಮಕ್ಕಳ ಬಾಯಿಗೆ ಬಿದ್ದ ಹನಿ ಹಕ್ಕು. ಸಾಯ್ಬ್ರ ತೋಳಿಗೆ ಬಿದ್ದ ಸೂಜಿ ಮಾತ್ರ ತುಷ್ಟೀಕರಣ.

ಇನ್ನೊಂದು ಪ್ರಶ್ನೆ ಇದೆ. ಅದು ಒಳಗಿನಿಂದ ಬರುತ್ತದೆ. "ಅಲ್ಲಾಹನ ಮನೆಗೆ ಹೋಪ್ಕೆ ಸೂಜಿ ಎಂತಕ್ ಮಾರಾಯ್ರೆ? ಅಲ್ಲೇ ಸತ್ರೆ ಪುಣ್ಯ ಅಲ್ದಾ?" ಇದನ್ನು ಕೇಳುವವರು ನಮ್ಮ ನೆರೆಯ ಅಜ್ಜಂದಿರು. ಐಸ್ ಹೊತ್ತು, ಲಾರಿಗೆ ಮೀನು ತುಂಬಿ, ಬೀಡಿ ಕಟ್ಟಿ, ಗಲ್ಫಿನ ಮಗ ಕಳಿಸಿದ್ದರಲ್ಲಿ ಉಳಿಸಿ, ಅರವತ್ತು ದಾಟಿದ ಮೇಲೆ ಒಮ್ಮೆ ಮಕ್ಕಾ ಕಾಣಬೇಕೆಂದು ಆಸೆಪಟ್ಟವರು.

ಮೊದಲ ಪ್ರಶ್ನೆಗೆ ನಮ್ಮಲ್ಲಿ ಸಿಟ್ಟಿದೆ. ಎರಡನೆಯದಕ್ಕೆ ಸಂಕಟವಿದೆ. ಎರಡಕ್ಕೂ ಉತ್ತರ ಹೇಳಲೇಬೇಕಾಗಿದೆ.

ನಾವು ಯಾರು? ಈ ಮೂರು ತಾಲೂಕುಗಳ ಕೇರಿ, ಕಾಲನಿ, ಬಂದರಿನ ಹಿಂಬದಿಯ ಮನೆಗಳಿಂದ ಬಂದ ಹುಡುಗ ಹುಡುಗಿಯರು. ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಹಾಗಾಗಿ ಓಣಿಯ ಎಲ್ಲ ಅರ್ಜಿಗಳೂ ನಮ್ಮ ಕೈಗೇ ಬರುತ್ತವೆ: ರೇಷನ್ ಕಾರ್ಡು, ವಿಧವಾ ವೇತನ, ಬೀಡಿ ಕಾರ್ಡು, ಹಜ್ ಫಾರಂ. ನಮ್ಮಲ್ಲಿ ಹೆಚ್ಚಿನವರು ನಮಾಜು ಮಾಡುವವರಲ್ಲ. ದೇವರ ವಿಷಯದಲ್ಲಿ ನಮ್ಮ ಜಗಳ ಬೇರೆಯೇ ಇದೆ. ಆದರೆ ಮೈಯ ವಿಷಯದಲ್ಲಿ, ಯಾರ ಮೈ ಬೆಲೆಯುಳ್ಳದ್ದು ಯಾರದ್ದು ಬೆಲೆಯಿಲ್ಲದ್ದು ಎನ್ನುವ ವಿಷಯದಲ್ಲಿ, ಕೇರಿಯ ಮಕ್ಕಳಾದ ನಾವು ಬಾಯಿ ಮುಚ್ಚಿ ಕೂರುವುದು ಸಾಧ್ಯವಿಲ್ಲ.

ಮೊದಲು ಆ ಸೂಜಿ ಎಂಥದ್ದು ಅಂತ ನೋಡೋಣ. ಅದು ಮೆನಿಂಜೈಟಿಸ್ ಎಂಬ ರೋಗಕ್ಕೆ, ಅಂದರೆ ಮೆದುಳಿನ ಪೊರೆಗೆ ಹತ್ತುವ ಸೋಂಕಿಗೆ ತಡೆ. ಈ ರೋಗಾಣು ಆರೋಗ್ಯವಂತನ ಗಂಟಲಲ್ಲಿ ಸುಮ್ಮನೆ ಕೂತಿರಬಲ್ಲದು. ಅವನಿಗೆ ಏನೂ ಆಗುವುದಿಲ್ಲ. ಅವನ ಕೆಮ್ಮಿನಿಂದ, ಎಂಜಲಿನಿಂದ, ಒಂದೇ ಕೋಣೆಯಲ್ಲಿ ಮಲಗಿದವನಿಗೆ ದಾಟಿ, ಒಂದೆರಡು ದಿನದಲ್ಲಿ ಅವನನ್ನು ಕೊಲ್ಲಬಲ್ಲದು. ಇಪ್ಪತ್ತು ಲಕ್ಷದಷ್ಟು ಜನ ಒಂದೇ ಊರಲ್ಲಿ, ಒಂದೇ ಡೇರೆಯೂರಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಆ ರೋಗಾಣುವಿಗೆ ಹಬ್ಬ. 1987ರ ಹಜ್ಜಿನಲ್ಲಿ ಇದು ಹರಡಿತು. ಅಂದಿನಿಂದ ಸೌದಿ ಸರ್ಕಾರ ಲಸಿಕೆಯನ್ನು ಕಡ್ಡಾಯ ಮಾಡಿತು. 2000ದಲ್ಲಿ ಅದೇ ರೋಗ ಬೇರೆ ಜಾತಿಯ ರೋಗಾಣುವಾಗಿ, ಡಬ್ಲ್ಯು-135 ಎಂಬ ಹೆಸರಿನಲ್ಲಿ ಮತ್ತೆ ಬಂತು. ಹಾಜಿಗಳ ಜತೆ ಹಲವು ದೇಶಗಳಿಗೆ ಹೋಯಿತು. ಹಜ್ಜಿಗೇ ಹೋಗದ, ಮನೆಯಲ್ಲಿ ಕೂತಿದ್ದ ಬಂಧುಗಳೂ ಮಲಗಿದರು. ಆಮೇಲೆ, 2002ರ ಹೊತ್ತಿಗೆ, ನಾಲ್ಕು ಬಗೆಯ ರೋಗಾಣುಗಳನ್ನು ತಡೆಯುವ ಲಸಿಕೆ ಕಡ್ಡಾಯವಾಯಿತು. 2024ರ ವಸಂತದಲ್ಲಿ ಉಮ್ರಾ ಯಾತ್ರೆಗೆ ಸಂಬಂಧಿಸಿ ಅಮೆರಿಕ, ಫ್ರಾನ್ಸ್, ಬ್ರಿಟನ್ ಮೂರೂ ದೇಶ ಸೇರಿ 12 ಮಂದಿಗೆ ಈ ರೋಗ ಬಂತು. ಲಸಿಕೆಯ ವಿವರ ತಿಳಿದವರಲ್ಲಿ ಒಬ್ಬರೂ ಲಸಿಕೆ ಹಾಕಿಸಿಕೊಂಡಿರಲಿಲ್ಲ.

ಸೂಜಿಯ ಜತೆ ಬಾಯಿಗೆ ಪೋಲಿಯೋ ಹನಿ. ಭಾರತ ಪೋಲಿಯೋ ಮುಕ್ತ ಎಂದು 2014ರ ಮಾರ್ಚಿನಲ್ಲಿ ಪ್ರಮಾಣಪತ್ರ ಸಿಕ್ಕಿದೆ. ಆದರೆ ಪೋಲಿಯೋ ಇನ್ನೂ ಸಾಯದ ದೇಶಗಳ ಜನರೂ ಅಲ್ಲಿಗೆ ಬರುತ್ತಾರೆ. ಹಾಗಾಗಿ ಮೊಮ್ಮಗನ ಹನಿಯನ್ನು ಅಜ್ಜನೂ ಕುಡಿಯಬೇಕು. ವಯಸ್ಸಾದವರಿಗೆ, ಶುಗರ್ ಬಿಪಿ ಇದ್ದವರಿಗೆ ಶೀತಜ್ವರದ ಲಸಿಕೆ.

ಈಗ ಹೇಳಿ ಸ್ವಾಮಿ, ಈ ಸೂಜಿ ಯಾರನ್ನು ಕಾಯುತ್ತದೆ? ಹಾಜಿಯನ್ನು ಮಾತ್ರವೇ? ಹಾಜಿ ಹಿಂತಿರುಗಿ ಬಂದು ಶಿರೂರಿನ ಬಸ್ಸು ಹತ್ತುತ್ತಾನೆ. ಗಂಗೊಳ್ಳಿಯ ಬಂದರಿನಲ್ಲಿ ಖಾರ್ವಿಯವರ, ಮೊಗವೀರರ ಪಕ್ಕ ನಿಲ್ಲುತ್ತಾನೆ. ಸಂತೆಯಲ್ಲಿ ನಿಮಗೇ ಮೀನು ತೂಗಿ ಕೊಡುತ್ತಾನೆ. ಅವನ ತೋಳಿಗೆ ಬಿದ್ದ ಸೂಜಿ ನಿಮ್ಮ ಮಗುವಿನ ಗಂಟಲನ್ನೂ ಕಾಯುತ್ತದೆ. ಕೊಲ್ಲೂರಿಗೆ ವರ್ಷವಿಡೀ ಜನ ಬರುತ್ತಾರೆ. ಅಲ್ಲಿ ಕುಡಿಯುವ ನೀರು ಶುದ್ಧವಾಗಿರಬೇಕು, ವೈದ್ಯರಿರಬೇಕು ಅಂತ ನಾವೂ ಹೇಳುತ್ತೇವೆ. ಅದನ್ನು ಯಾರೂ ತುಷ್ಟೀಕರಣ ಅನ್ನುವುದಿಲ್ಲ, ಅನ್ನಲೂಬಾರದು. ಜನ ಸೇರುವ ಕಡೆ ರೋಗ ಸೇರುತ್ತದೆ. ತಡೆಯುವುದು ಸರ್ಕಾರದ ಕೆಲಸ. ಇಷ್ಟೇ ವಿಷಯ. ಹಜ್ಜಿನ ಸಹಾಯಧನವನ್ನೂ ಎತ್ತಿ ಆಡುವವರಿಗೆ ಒಂದು ಮಾತು: ಅದನ್ನು 2018ರಲ್ಲೇ ನಿಲ್ಲಿಸಿಯಾಗಿದೆ. ಸತ್ತ ಎಮ್ಮೆಯ ಹಾಲು ಎಷ್ಟು ದಿನ ಅಳೆಯುತ್ತೀರಿ?

ಆದರೆ ಈ ಪ್ರಶ್ನೆ ಸೂಜಿಯ ಲೆಕ್ಕಾಚಾರದಿಂದ ಹುಟ್ಟಿದ್ದಲ್ಲ. ಅದರ ಬೇರು ಹಳೆಯದು. ರೋಗ ಎಂಬುದು ಬಡವನ ಮೈಯಲ್ಲಿ ವಾಸಿಸುತ್ತದೆ, ಬೇರೆ ಧರ್ಮದವನ, ಕೆಳಗಿನವನ ಮೈಯಲ್ಲಿ ವಾಸಿಸುತ್ತದೆ ಎಂಬ ನಂಬಿಕೆ ಅದು.

1865ರಲ್ಲಿ ಮಕ್ಕಾದಲ್ಲಿ ಕಾಲರಾ ಬಂತು. ಸೇರಿದ್ದ ಸುಮಾರು 90,000 ಯಾತ್ರಿಕರಲ್ಲಿ 15,000 ಮಂದಿ ಸತ್ತರೆಂದು ಅಂದಾಜು. ರೋಗ ಹಡಗು ಹತ್ತಿ ಈಜಿಪ್ಟಿಗೆ, ಅಲ್ಲಿಂದ ಯೂರೋಪಿಗೆ ಹೋಯಿತು. ಬಡವರು ಸಾಯುತ್ತಿದ್ದಾಗ ಸುಮ್ಮನಿದ್ದ ಯೂರೋಪಿನ ದೊರೆಗಳು ತಮ್ಮ ಬಾಗಿಲಿಗೆ ಬಂದಾಗ ಎದ್ದು ಕೂತರು. 1866ರಲ್ಲಿ ಇಸ್ತಾಂಬುಲಿನಲ್ಲಿ ದೇಶದೇಶಗಳ ಸಭೆ ಸೇರಿತು. ಕಾಲರಾದ ತವರು ಭಾರತ, ಹೊತ್ತು ತರುವವನು ಮನುಷ್ಯ, ಮುಖ್ಯವಾಗಿ ಹಜ್ಜಿನ ಯಾತ್ರಿಕ ಅಂತ ತೀರ್ಮಾನವಾಯಿತು. ರೋಗ ಯಾತ್ರಿಕರ ಜತೆ ಪಯಣ ಮಾಡಿದ್ದು ಸುಳ್ಳಲ್ಲ. ಆದರೆ ಆ ಯಾತ್ರಿಕರನ್ನು ಹಡಗಿನ ಮೇಲ್ತಟ್ಟಿನಲ್ಲಿ ಸಾಮಾನಿನಂತೆ ತುರುಕಿದವರು ಯಾರು? ಕೊಳಕು ನೀರು ಕುಡಿಸಿದವರು ಯಾರು? ಟಿಕೆಟಿನ ಲಾಭ ತಿಂದ ಕಂಪನಿಗಳಿಗೆ ಕೆಟ್ಟ ಹೆಸರು ಬರಲಿಲ್ಲ. ಹೆಸರು ಬಂದದ್ದು ಹಾಜಿಗೆ. 1882ರಿಂದ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಯಾತ್ರಿಕರನ್ನು ಇಳಿಸಿ, ಮೀಯಿಸಿ, ಉಟ್ಟ ಬಟ್ಟೆಯನ್ನು ಹಬೆಗೆ ಹಾಕಿ, ದಿನಗಟ್ಟಲೆ ಕೂಡಿಹಾಕತೊಡಗಿದರು. ಅದಕ್ಕೆ ಹಣವನ್ನೂ ಅವರಿಂದಲೇ ಕಿತ್ತರು.

1897ನೇ ಇಸವಿಯನ್ನು ನಾವು ಮರೆಯಬಾರದು. ಮುಂಬಯಿಗೆ ಪ್ಲೇಗ್ ಬಂದು ಕೂತಿತ್ತು. ಆ ಜನವರಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ತಾನು ಮಾಡಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಆ ವರ್ಷ ಭಾರತದಿಂದ ಹಜ್ಜಿಗೆ ಹೋಗುವುದನ್ನೇ ನಿಲ್ಲಿಸಿತು. ಮಾರ್ಚಿನಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಮಹಾರರ ಕೇರಿಯ ಪ್ಲೇಗ್ ತಗುಲಿದ ಹುಡುಗನನ್ನು ಹೊತ್ತು ಮಗನ ದವಾಖಾನೆಗೆ ಒಯ್ದು, ಅದೇ ಪ್ಲೇಗಿಗೆ ತುತ್ತಾದರು. ಒಂದೇ ವರ್ಷ, ಒಂದೇ ರೋಗ. ಒಬ್ಬ ತನ್ನ ತೋಳನ್ನು ಕೊಟ್ಟ, ಒಬ್ಬಾಕೆ ತನ್ನ ಜೀವವನ್ನೇ ಕೊಟ್ಟಳು, ಸರ್ಕಾರ ಬೇಲಿ ಹಾಕಿತು. ರೋಗದ ಮುಂದೆ ನಿಲ್ಲುವುದಕ್ಕೆ ಬೇರೆ ಬೇರೆ ದಾರಿಗಳಿವೆ. ನಮ್ಮದು ಸಾವಿತ್ರಿಬಾಯಿಯ ದಾರಿ.

ಇದು ಬಿಳಿಯರ ಪಾಪ ಮಾತ್ರ ಅಂತ ಕೈ ತೊಳೆದುಕೊಳ್ಳಬೇಡಿ. ನಮ್ಮದೇ ಈ ಕರಾವಳಿಯಲ್ಲಿ ಅಜಲು ಎಂಬ ಪದ್ಧತಿ ಇತ್ತಲ್ಲ? ಮೇಲಿನವರ ಮನೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಯಾಕೆ? ತಮ್ಮ ರೋಗ, ತಮ್ಮ ಕೇಡು ಕೊರಗರ ಮೈಗೆ ದಾಟಿಹೋಗಲಿ ಅಂತ. ಅದನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯೇ ಬೇಕಾಯಿತು. ಯೋಚಿಸಿ: ರೋಗ ತಮ್ಮದು, ಹೊರಬೇಕಾದವನು ಕೊರಗ. ಮಕ್ಕಾದ ದಾರಿಯಲ್ಲೂ ಅದೇ ಲೆಕ್ಕ: ಲಾಭ ಕಂಪನಿಯದು, ರೋಗದ ಹೆಸರು ಹಾಜಿಯದು. ಕೊರಗನ ಮೈ, ಹಾಜಿಯ ಮೈ ಎರಡೂ ಈ ವ್ಯವಸ್ಥೆಗೆ ಕಸದ ತೊಟ್ಟಿ.

2020ರಲ್ಲಿ ಕೊರೊನಾ ಬಂದಾಗ ಅದೇ 1897ರ ಕಾಯಿದೆಯನ್ನು ಪೆಟ್ಟಿಗೆಯಿಂದ ತೆಗೆದರು. ಅದರ ಜತೆ ಹಳೆಯ ಮಾತೂ ಎದ್ದಿತು. ದೆಹಲಿಯ ತಬ್ಲೀಗ್ ಸಭೆಯನ್ನು ಹಿಡಿದು ಇಡೀ ಸಮುದಾಯವನ್ನೇ ರೋಗ ಅಂದರು. ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳತೊಡಗಿದರು. ಆ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಕೇಸುಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಎಂಬ ಅರ್ಥದ ಮಾತು ಹೇಳಿತು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮರಿಗೆ ಅಂಗಡಿ ಇಲ್ಲ ಅಂದರು. ಮುಟ್ಟಬಾರದು, ಕೊಳ್ಳಬಾರದು, ಹತ್ತಿರ ಬರಬಾರದು: ಈ ಮಾತುಗಳ ಗುರ್ತು ನಮಗೆ ಚೆನ್ನಾಗಿ ಇದೆ. ನಮ್ಮ ಅಜ್ಜಂದಿರು ಇದೇ ಮಾತಿನ ಕೆಳಗೆ ಬಾಳಿದರು.

ಹಾಗಾಗಿ ಸೂಜಿಯ ಬಗ್ಗೆ ಕೊಂಕು ಆಡುವವರ ಜತೆ ನಮ್ಮ ವಾದ ಇಲ್ಲಿಗೆ ಮುಗಿಯಿತು. ಇನ್ನು ಸರ್ಕಾರದ ಜತೆ.

ಸರ್ಕಾರ ಸೂಜಿ ಕೊಡುತ್ತದೆ, ನಿಜ. ಕೊಡುವ ರೀತಿ ನೋಡಿ. ಲಸಿಕೆ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಬೀಳಬೇಕು. ಮೈಯಲ್ಲಿ ತಡೆ ಹುಟ್ಟಲು ಅಷ್ಟು ದಿನ ಬೇಕು. ಸಾಮಾನ್ಯವಾಗಿ ನಡೆಯುವುದು ಏನು? ಜಿಲ್ಲಾ ಮಟ್ಟದಲ್ಲಿ ಒಂದು ಶಿಬಿರ, ಒಂದು ದಿನ, ಒಂದು ಕ್ಯೂ. ಶಿಬಿರ ಉಡುಪಿಯಲ್ಲಿ ಎಂದಾದರೆ ಬ್ರಹ್ಮಾವರದವನು ಹದಿನೈದು ಕಿಲೋಮೀಟರಿನ ಒಳಗೆ ತಲುಪುತ್ತಾನೆ. ಕುಂದಾಪುರದವನು ಮೂವತ್ತೈದರ ಮೇಲೆ. ಶಿರೂರಿನ ಮುದುಕಿ 70 ಕಿಲೋಮೀಟರಿಗೂ ಮೇಲೆ, ಮೊಣಕಾಲು ನೋವು ಇಟ್ಟುಕೊಂಡು, ಬೆಳಗಿನ ಬಸ್ಸಿಗೆ ಹೊರಡಬೇಕು. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲೂಕುಗಳಾದವು. ತಾಲೂಕು ಆಗುವುದೆಂದರೆ ಒಂದು ಬೋರ್ಡು, ಒಂದು ಜೀಪು ಮಾತ್ರವಾ? ಬೈಂದೂರಿನಲ್ಲಿ ಸಮುದಾಯ ಆರೋಗ್ಯ ಕೇಂದ್ರ ಇದೆ, ಬ್ರಹ್ಮಾವರದಲ್ಲಿ ಇದೆ, ಕುಂದಾಪುರದಲ್ಲಿ ತಾಲೂಕು ಆಸ್ಪತ್ರೆಯೇ ಇದೆ. ಪೋಲಿಯೋ ಭಾನುವಾರ ಬಂದರೆ ಐಸ್ ಪೆಟ್ಟಿಗೆ ಹೊತ್ತುಕೊಂಡು ಆಶಾ ಕಾರ್ಯಕರ್ತೆಯರು ಗದ್ದೆಯ ಅಂಚಿನ ಕೊನೆಯ ಮನೆಗೂ ಹೋಗುತ್ತಾರಲ್ಲ? ಅದೇ ಐಸ್ ಪೆಟ್ಟಿಗೆ ಹಾಜಿಗಳಿಗೆ ಬೈಂದೂರಿನ ತನಕ ಯಾಕೆ ಬರಬಾರದು?

ಉಮ್ರಾಕ್ಕೆ ಹೋಗುವವರ ಪಾಡು ಇನ್ನೂ ಕೆಟ್ಟದ್ದು. ಮೆನಿಂಜೈಟಿಸ್ ಸೂಜಿ ಸರ್ಕಾರದ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ಇಲ್ಲ. ಹಜ್ ಸಮಿತಿಯ ಮೂಲಕ ಹೋದವರಿಗೆ ಶಿಬಿರವಿದೆ. ಉಮ್ರಾದವನು ಅದನ್ನು ಖಾಸಗಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿಕೊಳ್ಳಬೇಕು. ಬಡವನಿಗೆ ಏಜೆಂಟ್ ಹೇಳುತ್ತಾನೆ: "ಅದೆಲ್ಲ ಬ್ಯಾಡ, ಯಾರೂ ಕೇಣುದಿಲ್ಲ." ರೋಗಾಣು ಮಾತ್ರ ಕೇಳುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇದೆ. ಇಡೀ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

2024ರ ಹಜ್ ಜೂನ್ ತಿಂಗಳಿನಲ್ಲಿ ಬಂತು. ಮಕ್ಕಾದ ಮಸೀದಿಯ ಅಂಗಳದಲ್ಲಿ ಬಿಸಿಲು 51.8 ಡಿಗ್ರಿ ಮುಟ್ಟಿತು. 1,301 ಮಂದಿ ಸತ್ತರೆಂದು ಸೌದಿ ಸರ್ಕಾರವೇ ಹೇಳಿತು. ಅವರಲ್ಲಿ 83 ಶೇಕಡಾ ಜನ ಪರವಾನಗಿ ಇಲ್ಲದೆ ಬಂದವರು. ಅಂದರೆ ತಂಪು ಡೇರೆ, ಬಸ್ಸು ಇಲ್ಲದೆ ಬಿಸಿಲಲ್ಲಿ ನಡೆದ ಬಡವರು. ಭಾರತದಿಂದ ಹೋದ ಸುಮಾರು 1,75,000 ಮಂದಿಯಲ್ಲಿ 98 ಮಂದಿ ತೀರಿಕೊಂಡರೆಂದು ಜೂನ್ 21ರಂದು ವಿದೇಶಾಂಗ ಇಲಾಖೆ ಹೇಳಿತು. ಅದರ ಹಿಂದಿನ ವರ್ಷ 187. ಕಾರಣ ಏನು ಅಂದರು ಗೊತ್ತೇ? ಸಹಜ ಕಾಯಿಲೆ, ಹಳೆಯ ಕಾಯಿಲೆ, ಮುಪ್ಪು.

ಸಹಜ ಎಂಬ ಮಾತಿನ ಮೇಲೆ ನಮ್ಮ ತಕರಾರಿದೆ. ಹಳೆಯ ಕಾಯಿಲೆ ಎಲ್ಲಿ ಹಳೆಯದಾಯಿತು? ಮಕ್ಕಾದಲ್ಲಿ ಅಲ್ಲ. ನಮ್ಮಂಥ ಊರುಗಳಲ್ಲಿ. ಬೆಳಗಿನ ಜಾವ ಮೂರಕ್ಕೆ ಬಂದರಿಗೆ ಹೋಗುವವನು ಬಿಪಿ ನೋಡಿಸಿಕೊಳ್ಳಲು ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಕೂತರೆ ಅವನ ಕೂಲಿ ಯಾರು ಕೊಡುತ್ತಾರೆ? ಬೀಡಿ ಕಟ್ಟುವ ಹೆಂಗಸು ತಲೆಸುತ್ತಿದರೆ ಉಪ್ಪಿನಕಾಯಿ ನೆಕ್ಕಿ ಮತ್ತೆ ಎಲೆ ಕತ್ತರಿಸಲು ಕೂರುತ್ತಾಳೆ. ಶುಗರ್ ಇದೆ ಅಂತ ಗೊತ್ತಾಗುವುದು ಕಾಲಿನ ಹುಣ್ಣು ಕೊಳೆತಾಗ. ಮೂವತ್ತು ವರ್ಷ ಹೀಗೆ ನಡೆದ ಮೈ ಒಂದು ದಿನ ಹಜ್ ಫಾರಂ ತುಂಬುತ್ತದೆ. ಆಗ ಸರ್ಕಾರಕ್ಕೆ ಆ ಮೈಯ ನೆನಪಾಗುತ್ತದೆ. ವೈದ್ಯಕೀಯ ಸರ್ಟಿಫಿಕೇಟು ತಾ ಅನ್ನುತ್ತದೆ. ಯಾಕೆಂದರೆ ಆ ಮೈ ಈಗ ಗಡಿ ದಾಟುತ್ತಿದೆ. ಬೇರೆ ದೇಶಕ್ಕೆ ಲೆಕ್ಕ ಒಪ್ಪಿಸಬೇಕು.

ಗಲ್ಫಿಗೆ ಹೋಗುವ ನಮ್ಮ ಹುಡುಗರಿಗೂ ಇದೇ. ಮೆಡಿಕಲ್ ಎಂಬ ಹೆಸರಲ್ಲಿ ರಕ್ತ ತೆಗೆದು, ಎದೆಯ ಫೋಟೋ ತೆಗೆದು 'ಫಿಟ್' ಅಥವಾ 'ಅನ್‌ಫಿಟ್' ಅಂತ ಮುದ್ರೆ ಒತ್ತುತ್ತಾರೆ. ಅನ್‌ಫಿಟ್ ಆದವನಿಗೆ ಮದ್ದು ಯಾರು ಕೊಡುತ್ತಾರೆ ಅಂತ ಆ ಮುದ್ರೆಯಲ್ಲಿ ಬರೆದಿರುವುದಿಲ್ಲ. ನಮ್ಮ ಮೈಯನ್ನು ಈ ದೇಶ ನೋಡುವುದು ರಫ್ತು ಮಾಡುವಾಗ ಮಾತ್ರ.

ಸೂಜಿ ತಡೆಯುವುದು ಎರಡು ಮೂರು ರೋಗಗಳನ್ನು. ಹೃದಯಕ್ಕೆ ಸೂಜಿಯಿಲ್ಲ, ಸಕ್ಕರೆ ಕಾಯಿಲೆಗೆ ಲಸಿಕೆಯಿಲ್ಲ, ಬಿಸಿಲಿಗೆ ಇಲ್ಲ. ಸೂಜಿ ಹತ್ತು ದಿನ ಮುಂಚಿನ ಕೆಲಸ. ಮೈ ಹನ್ನೆರಡು ತಿಂಗಳ ಕೆಲಸ. ಈ ಎರಡನೆಯದನ್ನು ಮಾಡದೆ ಮೊದಲನೆಯದನ್ನು ಮಾತ್ರ ಮಾಡಿ ಫೋಟೋ ತೆಗೆಸಿಕೊಳ್ಳುವವರು ನಮ್ಮನ್ನು ಮೋಸ ಮಾಡುತ್ತಿದ್ದಾರೆ.

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರನ್ನು ಇಲ್ಲಿ ನೆನೆಯಬೇಕು. 1906ರಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದ ಮುಂದಾಳು. ಉಡುಪಿಯ ಹೆಂಗಸರ ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರು. ಹೆಸರಿನ ಹಿಂದೆ ಹಾಜಿ ಅಂತ ಇದ್ದ ಆ ಮನುಷ್ಯ ಎಲ್ಲ ಜಾತಿಯ ತಾಯಂದಿರ ಹೆರಿಗೆಗೆ ತನ್ನ ನೆಲ ಬಿಟ್ಟುಕೊಟ್ಟರು. ನಮ್ಮ ಸರ್ಕಾರ ಏನು ಮಾಡಿತು? 2016ರಲ್ಲಿ ಆ ಆಸ್ಪತ್ರೆಯನ್ನು ಖಾಸಗಿ ಉದ್ಯಮಿಯ ಕೈಗೆ ಇಟ್ಟಿತು. ಬೇಡ ಅಂತ ಜನ ಕೂಗಿದರು, ಕೇಳಲಿಲ್ಲ. ಕೊನೆಗೆ ಅಲ್ಲಿನ ಸಿಬ್ಬಂದಿ ಸಂಬಳವಿಲ್ಲದೆ ಧರಣಿ ಕೂರುವಂತಾಗಿ, 2022ರಲ್ಲಿ ಸರ್ಕಾರ ಅದನ್ನು ಮತ್ತೆ ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು. ಒಬ್ಬ ಹಾಜಿ ಜನರಿಗೆ ಕೊಟ್ಟ ಆಸ್ಪತ್ರೆಯನ್ನು ಉಳಿಸಿಕೊಳ್ಳಲು ಬಾರದವರು ಹಾಜಿಗಳಿಗೆ ಸೂಜಿ ಕೊಟ್ಟು ಉಪಕಾರ ಮಾಡಿದೆವು ಅನ್ನುತ್ತಾರೆ.

ಇನ್ನು ಒಳಗಿನ ಮಾತು. ಜಮಾಅತಿನ ಹಿರಿಯರೇ, ನಿಮಗೂ ನಮ್ಮ ಮಾತು ಸ್ವಲ್ಪ ಕಹಿಯಾದೀತು. ಕೇಳಬೇಕು.

ಅಲ್ಲಿ ಸತ್ತರೆ ಪುಣ್ಯ ಅನ್ನುತ್ತೀರಿ. ಆದರೆ ಹಜ್ ಯಾರ ಮೇಲೆ ಕಡ್ಡಾಯ? ಶಕ್ತಿ ಇದ್ದವರ ಮೇಲೆ ಮಾತ್ರ ಅಂತ ನಿಮ್ಮ ಧರ್ಮವೇ ಹೇಳುತ್ತದಲ್ಲ? ಆ ಶಕ್ತಿ ಹಣದ್ದು ಮಾತ್ರವಲ್ಲ, ಮೈಯದ್ದೂ ಹೌದು ಅಂತ ನಿಮ್ಮ ಉಸ್ತಾದರೇ ವಿವರಿಸುತ್ತಾರೆ. ಖಲೀಫ ಉಮರ್ ಸಿರಿಯಾದ ದಾರಿಯಲ್ಲಿ ಮುಂದೆ ಪ್ಲೇಗ್ ಇದೆ ಅಂತ ಕೇಳಿ ಜತೆಗಾರರನ್ನು ಕರೆದುಕೊಂಡು ಹಿಂತಿರುಗಿದರು. ಅವರಿಗೆ ನಂಬಿಕೆ ಕಡಿಮೆ ಇತ್ತೇ? ಸಾವಿಗೆ ಹೆದರದಿರುವುದು ಒಂದು. ಸಾವನ್ನು ಬಡವರ ಪುಣ್ಯ ಅಂತ ಮಾರುವುದು ಇನ್ನೊಂದು. ಹಣವಿದ್ದವನು ಹೃದಯ ತಪಾಸಣೆ ಮಾಡಿಸಿಕೊಂಡು, ಮಸೀದಿಯ ಬಾಗಿಲಿಗೆ ಅಂಟಿಕೊಂಡ ಹೋಟೆಲಿನಲ್ಲಿ ಕೋಣೆ ಹಿಡಿದು, ಹಜ್ ಮುಗಿಸಿ ಬಂದು ಬಾಳುತ್ತಾನೆ. ಪುಣ್ಯದ ಸಾವು ಯಾವಾಗಲೂ ಬಡವನ ಪಾಲಿಗೇ ಬರುವುದು ಯಾಕೆ?

ಶುಗರ್ ಇದೆ ಅಂತ ಹೇಳಿದರೆ ಹೆಸರು ತೆಗೆದಾರೆಂದು ಮುಚ್ಚಿಡುತ್ತೀರಿ. ನೋಡದೇ ಸಹಿ ಹಾಕಿಕೊಡುವ ಡಾಕ್ಟರರನ್ನು ಹುಡುಕುತ್ತೀರಿ. ಇದು ನಿಮ್ಮ ತಪ್ಪು ಮಾತ್ರ ಅಂತ ನಾವು ಹೇಳುವುದಿಲ್ಲ. ಮೂರು ನಾಲ್ಕು ಲಕ್ಷ ಕಟ್ಟಿದವನಿಗೆ ಕಾಯಿಲೆ ಎಂಬುದು ಕಳ್ಳನ ಥರ ಕಾಣುತ್ತದೆ. ಆದರೆ ಮುಚ್ಚಿಟ್ಟ ಶುಗರ್ ಮಕ್ಕಾದ ಬಿಸಿ ಕಲ್ಲಿನ ಮೇಲೆ ತೆರೆದುಕೊಳ್ಳುತ್ತದೆ. ಶುಗರಿನಿಂದ ಸ್ಪರ್ಶ ಸತ್ತ ಪಾದಕ್ಕೆ ಸುಡುವುದು ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ಕಾಣುವುದು. ಹೊರಡುವ ಮುಂಚಿನ ಔತಣಕ್ಕೆ, ಹಾರಕ್ಕೆ, ಕಾರುಗಳಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಊರಿನ ಎಲ್ಲ ಯಾತ್ರಿಕರ ರಕ್ತ ಪರೀಕ್ಷೆ ಮಾಡಿಸಬಹುದು.

ಹೆಂಗಸರ ಮಾತಂತೂ ಯಾರೂ ಎತ್ತುವುದಿಲ್ಲ. ಕಾಬಾದ ಸುತ್ತು ಬರುವ ದಿನಗಳಲ್ಲಿ ಮುಟ್ಟು ಬಾರದಿರಲೆಂದು ಎಷ್ಟೋ ಹೆಂಗಸರು ಗುಳಿಗೆ ನುಂಗುತ್ತಾರೆ. ಯಾರು ಕೊಟ್ಟದ್ದು? ಮೆಡಿಕಲ್ ಶಾಪಿನವನು, ಇಲ್ಲವೇ ಹೋದ ವರ್ಷ ಹೋಗಿಬಂದ ಅತ್ತಿಗೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಅಪಾಯ. ಬಿಪಿ ಇದ್ದವರು ಕೇಳದೆ ನುಂಗಬಾರದು. ಇದನ್ನು ಹೇಳಬೇಕಾದದ್ದು ಹೆಂಗಸು ಡಾಕ್ಟರು, ಮುಚ್ಚಿದ ಕೋಣೆಯಲ್ಲಿ, ಅವಳ ಭಾಷೆಯಲ್ಲಿ. ಶಿಬಿರದಲ್ಲಿ ಗಂಡನ ಎದುರು, ನೂರು ಗಂಡಸರ ಎದುರು ಅವಳು ಕೇಳುವುದು ಹೇಗೆ? 2018ರಿಂದ 45 ದಾಟಿದ ಹೆಂಗಸರು ನಾಲ್ವರು ಒಟ್ಟಾಗಿ, ಗಂಡು ಜತೆಯಿಲ್ಲದೆ ಹಜ್ಜಿಗೆ ಹೋಗಬಹುದಾಗಿದೆ. ಹೋಗುವ ಹಕ್ಕು ಬಂತು. ತನ್ನ ಮೈಯ ಬಗ್ಗೆ ಕೇಳುವ ಹಕ್ಕು ಇನ್ನೂ ಬಂದಿಲ್ಲ.

ಅವಳಿಗೆ ಔಷಧದ ಚೀಟಿ ಓದಿ ಹೇಳಬೇಕಾದವಳು ಯಾರು? ಅವಳ ಮೊಮ್ಮಗಳು. ಆ ಮೊಮ್ಮಗಳನ್ನು 2022ರ ಫೆಬ್ರವರಿಯಲ್ಲಿ ಇದೇ ಕುಂದಾಪುರದಲ್ಲಿ, ತಲೆಯ ಮೇಲೆ ಬಟ್ಟೆ ಇದೆ ಅಂತ, ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದರು. ಗೇಟಿನ ಸಂದಿನಲ್ಲಿ ಕೈಮುಗಿದು ಕೇಳಿಕೊಂಡ ಆ ಹುಡುಗಿಯರ ಚಿತ್ರವನ್ನು ಜಗತ್ತೇ ನೋಡಿತು. ನಾಳೆ ನರ್ಸ್ ಆಗಬೇಕಾದವಳನ್ನು ಗೇಟಿನ ಹೊರಗೆ ಹಾಕಿ, ಅವಳ ಅಜ್ಜಿಗೆ ಶಿಬಿರ ಮಾಡಿ ಸೂಜಿ ಹಾಕಿದರೆ ಅದು ಆರೋಗ್ಯವಾಗುವುದಿಲ್ಲ. ಆರೋಗ್ಯ ಸೂಜಿಯ ತುದಿಯಿಂದ ಶುರುವಾಗುವುದಿಲ್ಲ ಗೆಳೆಯರೇ, ಶಾಲೆಯ ಬಾಗಿಲಿನಿಂದ ಶುರುವಾಗುತ್ತದೆ.

ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಬರೀ ಕೂಗು ಸಾಲದು. ಕೆಲಸ ಹೇಳುತ್ತೇವೆ. ನಿಮ್ಮ ಊರಿನ ಹಜ್ ಪಟ್ಟಿ ಬಂದ ದಿನವೇ ಮನೆಮನೆಗೆ ಹೋಗಿ. ಬಿಪಿ, ಶುಗರ್ ನೋಡಿಸಿ. ಇದ್ದವರಿಗೆ ಬೈಗುಳ ಬೇಡ, ಮದ್ದು ಬೇಕು. ನುಂಗುವ ಮದ್ದು ಪೂರ್ತಿ ದಿನಕ್ಕೆ ಸಾಲುವಷ್ಟು, ಡಾಕ್ಟರ ಚೀಟಿಯ ಸಮೇತ, ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ತಪ್ಪಿಹೋದರೆ ಜೀವ ತಪ್ಪುತ್ತದೆ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ತಂಪಿನಲ್ಲಿಡುವುದು ಹೇಗೆ ಅಂತ ತೋರಿಸಿ. ಸಫಾ ಮರ್ವಾ ನಡುವಿನ ಏಳು ಓಡಾಟವೇ ಮೂರು ಕಿಲೋಮೀಟರಿಗೂ ಮೇಲೆ. ಅದಕ್ಕೆ ಮೂರು ನಾಲ್ಕು ತಿಂಗಳ ಮುಂಚೆಯೇ ಕೋಡಿಯ ಕಡಲ ದಂಡೆಯಲ್ಲಿ, ತ್ರಾಸಿಯ ಮರಳಿನಲ್ಲಿ ಸಂಜೆ ನಡೆಸಿ; ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಕೊಡೆ, ಓಆರ್‌ಎಸ್ ಪುಡಿ, ಮಾಸ್ಕು, ಹಗುರ ಚಪ್ಪಲಿ ಕಟ್ಟಿಕೊಡಿ. ಬಾಯಾರುವ ಮೊದಲೇ ನೀರು ಕುಡಿಯಲು ಹೇಳಿ. ತಲೆ ಬೋಳಿಸುವಾಗ ಹೊಸ ಬ್ಲೇಡೇ ಬೇಕೆಂದು ಹೇಳಿ. ಒಬ್ಬರಿಗೆ ಬಳಸಿದ ಬ್ಲೇಡಿನಲ್ಲಿ ಕಾಮಾಲೆಯ ರೋಗಾಣು ಇನ್ನೊಬ್ಬರಿಗೆ ದಾಟುತ್ತದೆ. ಒಂಟೆಯ ಹಸಿ ಹಾಲು ಬೇಡ; 2012ರಲ್ಲಿ ಗೊತ್ತಾದ ಮರ್ಸ್ ಎಂಬ ಉಸಿರಿನ ರೋಗ ಒಂಟೆಯಿಂದಲೂ ಬರುತ್ತದೆ. ಇವೆಲ್ಲ ಉರ್ದು ಭಾಷಣದಲ್ಲಿ ಹೇಳಿದರೆ ಬ್ಯಾರಿ ಮಾತಾಡುವ ಅಜ್ಜಿಗೆ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಹೇಳಿ, ಬ್ಯಾರಿಯಲ್ಲಿ ಹೇಳಿ, ನವಾಯತಿಯಲ್ಲಿ ಹೇಳಿ. ಕಾಗದ ಹಂಚಿ ಕೈ ತೊಳೆಯಬೇಡಿ, ಬಾಯಿಬಿಟ್ಟು ಹೇಳಿ.

ಸರ್ಕಾರಕ್ಕೆ ನಮ್ಮ ಬೇಡಿಕೆಗಳು ಇಷ್ಟು. ಬೇಡಿಕೆ ಅಂದರೆ ಬೇಡುವುದಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಹಜ್ ಲಸಿಕೆ ತಾಲೂಕಿನಲ್ಲೇ ಸಿಗಬೇಕು. ದಿನಾಂಕವನ್ನು ಪ್ರಯಾಣಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ನಿಗದಿ ಮಾಡಬೇಕು. ತಪ್ಪಿದವರಿಗೆ ಎರಡನೆಯ ದಿನ ಇರಬೇಕು. ಉಮ್ರಾಕ್ಕೆ ಹೋಗುವ ಬಡವರಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಲಸಿಕೆ ಸಿಗಬೇಕು. ಹೆಂಗಸರಿಗೆ ಹೆಂಗಸು ಡಾಕ್ಟರು, ಬೇರೆ ಕೋಣೆ. ಸರ್ಟಿಫಿಕೇಟಿನಲ್ಲಿ ಕಾಯಿಲೆ ಕಂಡರೆ ಹೆಸರು ಹೊಡೆಯುವ ಮೊದಲು ಚಿಕಿತ್ಸೆ. ಬಂದರಿನ, ಬೀಡಿಯ, ಗದ್ದೆಯ ಕೆಲಸದವರಿಗೆ ಸಂಜೆ ಹೊತ್ತಿನ ದವಾಖಾನೆ, ವರ್ಷವಿಡೀ, ಎಲ್ಲ ಜಾತಿ ಧರ್ಮದವರಿಗೆ.

ಕೊನೆಯದ್ದೇ ಮುಖ್ಯ. ಹಾಜಿಯ ಬಿಪಿ ನೋಡಲು ಬಂದ ನರ್ಸು ಪಕ್ಕದ ಕೊರಗರ ಕಾಲನಿಗೂ ಹೋಗಬೇಕು. ಅಲ್ಲಿನ ಮುದುಕಿ ಯಾವ ಗಡಿಯನ್ನೂ ದಾಟುವವಳಲ್ಲ. ಯಾವ ದೇಶವೂ ಅವಳ ಸರ್ಟಿಫಿಕೇಟು ಕೇಳುವುದಿಲ್ಲ. ಅವಳ ಬಿಪಿ ನೋಡಲು ಸರ್ಕಾರಕ್ಕೆ ಯಾವ ನೆಪವೂ ಇಲ್ಲ. ನೆಪವಿಲ್ಲದೆ ಅವಳ ಕೈ ಹಿಡಿದು ನಾಡಿ ನೋಡುವ ದಿನ ಬರುವ ತನಕ ನಾವು ಈ ಜಗಳ ಬಿಡುವವರಲ್ಲ.